ಬೇಡ ಎಂದ ಹತ್ತೊಂಬತ್ತು ಮಂದಿ

ಟೆಕ್ಲಾ ವನ್ಸೆರ್ಸ್ಕಿ ನನಗೆ ಎಪ್ಪತ್ತು ವರ್ಷ ಎಂದು ಬರೆದಾಗ ನನಗೆ ತುಂಬಿದ್ದದ್ದು ಅರವತ್ತೆರಡು. ಇದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು, ನನ್ನ ಕೈಯಲ್ಲೇ ಕೂದಲು ಸುರುಳಿ ಮಾಡಿಸಿಕೊಂಡು, ನನ್ನ ಕಾಫಿಯನ್ನೇ ಕುಡಿದವಳು ನನ್ನ ಮುಖ ನೋಡಿ ಎಪ್ಪತ್ತು ಎಂದು ಬರೆಯುತ್ತಾಳೆಂದರೆ ಏನು ಹೇಳೋಣ! ಆದರೂ ಅವಳ ಕಥೆ ಹೇಳಬೇಕಾದವಳು ನಾನೇ. ಅವಳ ಮಾನ ಉಳಿಸಿದ್ದರಲ್ಲಿ ಆ ಹಾಳು ಎಪ್ಪತ್ತಿನ ಪಾಲು ದೊಡ್ಡದು.

ಡಾಲ್ಟನ್ ರಾಪಿಡ್ಸ್‌ನಲ್ಲಿ ನದಿಯ ಪಕ್ಕ ಕಾಗದದ ಕಾರ್ಖಾನೆ ಇದೆ. ವಿಸ್ಕಾನ್ಸಿನ್ನಿನ ಇಂಥ ಊರುಗಳಲ್ಲಿ ಕಾರ್ಖಾನೆಯ ವಾಸನೆ ಬಟ್ಟೆಗೂ ಹತ್ತುತ್ತದೆ, ಬ್ರೆಡ್ಡಿಗೂ ಹತ್ತುತ್ತದೆ, ನಮಗೆ ಅದು ಗೊತ್ತಾಗುವುದಿಲ್ಲ. ಹದಿನೆಂಟನೆಯ ವಯಸ್ಸಿನಿಂದ ಟೆಕ್ಲಾ ಅಲ್ಲಿ ಹಾಳೆ ಎಣಿಸುವ ಕೆಲಸ ಮಾಡಿದಳು. ಕಾಗದದ ಕಂತೆಯ ಮೂಲೆಯನ್ನು ಬೀಸಣಿಗೆಯಂತೆ ಬಿಡಿಸಿ, ಒಂದು ಸಲಕ್ಕೆ ಐದೈದು ಹಾಳೆ ಬೆರಳ ಸಂದಿಗೆ ಎಳೆದುಕೊಂಡು ಎಣಿಸಬೇಕು. ನಡುವೆ ಕಲೆಯಿದ್ದ ಹಾಳೆ ಬಂದರೆ ಕೈ ನಿಲ್ಲಿಸದೆ ಕಿತ್ತೆಸೆಯಬೇಕು. ಐನೂರು ಹಾಳೆಗೆ ಒಂದು ರೀಮು. ಯಂತ್ರ ಬಂದ ಮೇಲೂ ಯಂತ್ರದ ಲೆಕ್ಕ ಸರಿಯಿದೆಯೋ ಇಲ್ಲವೋ ನೋಡಲು ಟೆಕ್ಲಾಳನ್ನೇ ಕರೆಯುತ್ತಿದ್ದರು. ಅವಳ ಗಂಡ ಕ್ಲೆಮ್ ಅದೇ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿದ್ದ. ಅವನು ದಿನಕ್ಕೆ ಆಡುವ ಮಾತು ಹತ್ತು, ಅದರಲ್ಲಿ ನಾಲ್ಕು ನಾಯಿಯ ಜೊತೆ.

ಅಧ್ಯಕ್ಷರ ಚುನಾವಣೆ ಬಂದಾಗ ಶಿಕಾಗೋದ ಒಂದು ಸಮೀಕ್ಷೆ ಕಂಪನಿ ನಮ್ಮ ವಾರ್ಡಿನ ಮತಗಟ್ಟೆಯ ಮುಂದೆ ನಿಲ್ಲಲು ಒಬ್ಬರನ್ನು ಹುಡುಕಿತು. ವೋಟು ಹಾಕಿ ಹೊರಬಂದವರಲ್ಲಿ ಐದನೆಯವರನ್ನು ಮಾತ್ರ ತಡೆದು ಒಂದು ಹಾಳೆ, ಒಂದು ಪೆನ್ಸಿಲ್ ಕೊಡಬೇಕು. ಯಾರಿಗೆ ವೋಟು, ವಯಸ್ಸೆಷ್ಟು, ಯಾವ ಚರ್ಚು, ಕಾರ್ಮಿಕ ಸಂಘದಲ್ಲಿದ್ದೀರಾ ಎಂದು ಅದರಲ್ಲಿ ಕೇಳಿರುತ್ತದೆ. ಅವರು ಗುರುತು ಹಾಕಿ, ಮಡಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಹೆಸರಿಲ್ಲ, ಸಹಿಯಿಲ್ಲ. ಬೇಡ ಎಂದವರಿಗೂ ಒಂದು ಪಟ್ಟಿ ಇದೆ. ಎಷ್ಟು ಗಂಟೆಗೆ, ಗಂಡೋ ಹೆಣ್ಣೋ, ಬಿಳಿಯರೋ ಬೇರೆಯೋ, ವಯಸ್ಸು ಎಷ್ಟಿದ್ದಂತೆ ಕಾಣುತ್ತದೆ ಎಂದು ಕಣ್ಣಂದಾಜಿನಲ್ಲೇ ಬರೆಯಬೇಕು. ನಮ್ಮ ವಾರ್ಡಿನಲ್ಲಿ ವೋಟು ಹಾಕುವವರು ಐನೂರು ಚಿಲ್ಲರೆ. 'ಒಂದು ರೀಮು' ಎಂದು ಟೆಕ್ಲಾ ಆ ಕೆಲಸಕ್ಕೆ ಒಪ್ಪಿಕೊಂಡಳು.

ಮೊದಲನೆಯ ಸಲ ಅವಳು ತಪ್ಪು ಮಾಡಿದಳು. ನಮ್ಮೂರಿನವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ಮುಖ ಗಂಟಿಕ್ಕಿಕೊಂಡು ಹೋಗುವವನನ್ನು ತಡೆದು ಮಾತಾಡಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಐದನೆಯವನು ಸಿಡುಕನಾದರೆ ಅವನನ್ನು ಬಿಟ್ಟು, ನಗುತ್ತಾ ಬಂದ ಆರನೆಯವಳ ಕೈಗೆ ಹಾಳೆ ಕೊಟ್ಟಳು. ಸಂಜೆ ಅವಳ ಲೆಕ್ಕದ ಪ್ರಕಾರ ನಮ್ಮ ವಾರ್ಡಿನಲ್ಲಿ ಗೆಲ್ಲಬೇಕಾದವನು ಹನ್ನೊಂದು ಅಂಕಿಯಿಂದ ಸೋತುಬಿಟ್ಟ. ನಿಮ್ಮ ಲೆಕ್ಕ ತಪ್ಪಿದೆ ಎಂದು ಕಂಪನಿಯಿಂದ ಒಂದು ಸಾಲಿನ ಕಾಗದ ಬಂತು. ಅದನ್ನು ನನ್ನ ಮುಂದೆ ಹಿಡಿದು, "ಕಲೆ ಇದ್ದ ಹಾಳೇನ ಕಿತ್ತೆಸೆದು ಕಿತ್ತೆಸೆದು ಕೈ ಅಭ್ಯಾಸ ಆಗ್ಬಿಟ್ಟಿದೆ ಕಣೇ ಹಿಲ್ಡಾ. ಮನುಷ್ಯರನ್ನೂ ಹಂಗೇ ಎಣಿಸ್ಬಿಟ್ಟೆ" ಎಂದು ಅತ್ತಳು. ಅವತ್ತಿನಿಂದ ಐದನೆಯವನು ಯಮನೇ ಆದರೂ ಅವಳು ಬಿಟ್ಟಿಲ್ಲ. ಬೇಡ ಎಂದವರ ಪಟ್ಟಿಯಲ್ಲಿ ಕೊನೆಗೊಂದು ಖಾಲಿ ಕಾಲಮ್ಮಿತ್ತು. ಅವರು ಆಡಿದ ಮಾತನ್ನು ಆಡಿದ ಹಾಗೇ ಅದರಲ್ಲಿ ಬರೆಯತೊಡಗಿದಳು. ಹಾಗೆ ಬರಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಈಗ ಹೇಳಬೇಕಾದದ್ದು ಅವಳ ಐದನೆಯ ಚುನಾವಣೆ. ಆ ಸಲ ನಿಂತಿದ್ದವರು ಒಬ್ಬ ಗವರ್ನರ್, ಒಬ್ಬ ಸೆನೆಟರ್. ಮತದಾನಕ್ಕೆ ಎರಡು ವಾರ ಮುಂಚೆ ಕಂಪನಿಯವರು ತಾಲೀಮು ನಡೆಸುತ್ತಾರೆ. ಇಲ್ಲದ ಮತದಾರರ ಲೆಕ್ಕ ತುಂಬಿ ಫೋನಿನಲ್ಲಿ ಹೇಳಬೇಕು, ಶಿಕಾಗೋದ ಯಂತ್ರಗಳು ಸರಿಯಾಗಿ ಕೂಡುತ್ತವೋ ಎಂದು ಅವರು ನೋಡಿಕೊಳ್ಳುತ್ತಾರೆ. ಆ ಸಲದ ಸೂಚನೆ ಹೀಗಿತ್ತು: ಗವರ್ನರ್ ಭರ್ಜರಿಯಾಗಿ ಗೆದ್ದರು, ನೂರಕ್ಕೆ ಅರವತ್ತೆರಡು ವೋಟು ಅವರಿಗೆ ಎಂದುಕೊಂಡು ನಿಮ್ಮ ವಾರ್ಡಿನ ನೂರು ಮಂದಿಯನ್ನು ಊಹಿಸಿ ತುಂಬಿ.

ಬೇರೆ ಊರುಗಳವರು ಟೀವಿ ನೋಡುತ್ತಾ ಹತ್ತು ನಿಮಿಷದಲ್ಲಿ ತುಂಬಿದರಂತೆ. ಎಲ್ಲರಿಗೂ ಸಮಾ ಹಂಚುವುದು ಸುಲಭ. ಗಂಡಸರಲ್ಲೂ ಅರವತ್ತೆರಡು, ಹೆಂಗಸರಲ್ಲೂ ಅರವತ್ತೆರಡು, ಮುದುಕರಲ್ಲೂ ಅಷ್ಟೇ. ಟೆಕ್ಲಾ ಹಾಗೆ ಮಾಡುವ ಪೈಕಿಯೇ? ಎರಡು ಶುಕ್ರವಾರ ನನ್ನ ಅಂಗಡಿಯಲ್ಲಿ ತಲೆಯ ಮೇಲೆ ಬಿಸಿಗಾಳಿಯ ಟೋಪಿ ಹಾಕಿಕೊಂಡು, ಮಡಿಲಲ್ಲಿ ಆ ಹಾಳೆ ಇಟ್ಟುಕೊಂಡು, ಪೆನ್ಸಿಲ್ ಕಚ್ಚುತ್ತಾ ಕೂತಳು.

"ಹಿಲ್ಡಾ, ಗವರ್ನರ್ ಕಡೆ ಭಾರಿ ಗಾಳಿ ಬೀಸ್ತು ಅಂದ್ಕೋ. ನಿಮ್ಮ ಲೂಥರನ್ ಚರ್ಚಿನ ವಿಧವೆಯರು ಏನ್ಮಾಡ್ತಾರೆ?"

"ನಾನೂ ವಿಧವೆನೇ. ನನ್ನ ವೋಟು ಕೇಳ್ತಿದ್ದೀಯಾ?"

"ನಿನ್ನ ವೋಟು ಯಾರಿಗೆ ಬೇಕೇ! ಅಂದಾಜು ಹೇಳು ಅಂದೆ."

"ನಮ್ಮೋರು ಮೊದಲಿಂದ್ಲೂ ಗವರ್ನರ್ ಪಕ್ಷ. ಆದ್ರೆ ಗಾಳಿ ಬಂದಾಗ ತೂರ್ಕೊಳ್ಳೋ ಜಾತಿ ಅಲ್ಲ ನಮ್ದು. ಊರೆಲ್ಲಾ ಒಂದೇ ಕಡೆ ಓಡಿದ್ರೆ, ನಾವ್ಯಾಕೆ ಓಡ್ಬೇಕು ಅಂತ ನಾಲ್ಕು ಜನ ಬೇಕಂತ್ಲೇ ಉಲ್ಟಾ ಹೊಡೀತಾರೆ."

ಪೆನ್ಸಿಲ್ ಬಾಯಿಂದ ಹೊರಗೆ ಬಂತು. "ಅದೇ ಕಣೇ ನನಗೆ ಬೇಕಾಗಿದ್ದು! ಗೆಲ್ಲಿಸೋರನ್ನ ಯಾರು ಬೇಕಾದ್ರೂ ಲೆಕ್ಕ ಹಾಕ್ತಾರೆ. ಅಷ್ಟು ದೊಡ್ಡ ಗಾಳೀಲೂ ಅಲ್ಲಾಡದೆ ನಿಂತ ಮೂವತ್ತೆಂಟು ಜನ ಯಾರು? ಅವರು ಸಿಕ್ಕಿದ್ರೆ ಉಳಿದೋರು ತಾವೇ ಸಿಗ್ತಾರೆ."

ಹುಡುಕಿದಳು ನೋಡಿ! ಕಂಪನಿಯ ಹಾಳೆಯಲ್ಲಿ 'ಕ್ಯಾಥೊಲಿಕ್' ಎಂದು ಒಂದೇ ಚೌಕ. ಅವಳಿಗೆ ಅದು ಸಾಲದು. ಏಳು ಗಂಟೆಯ ಪೂಜೆಗೆ ಹೋಗುವ ಕ್ಯಾಥೊಲಿಕ್ಕರು ಬೇರೆ, ಹತ್ತೂವರೆಯವರು ಬೇರೆ. ಏಳರವರು ಕಾರ್ಖಾನೆಯ ಹಳಬರು, ಸಂಘದವರು, ಅವರಲ್ಲಿ ಅರ್ಧ ಮಾತ್ರ ಗವರ್ನರ್ ಕಡೆಗೆ ಸರಿಯುತ್ತಾರೆ. ಹತ್ತೂವರೆಯವರಿಗೆ ಹೊಸ ಮನೆ, ಬ್ಯಾಂಕಿನ ಕಂತು, ಅವರು ಪೂರ್ತಿ ಸರಿಯುತ್ತಾರೆ. ಮಂಗಳವಾರ ಬೌಲಿಂಗ್ ಆಡುವ ಗಂಡಸರು ಹೀಗೆ, ಗುರುವಾರದವರು ಹಾಗೆ. ಶಾಲೆಯ ಮೇಡಮ್ಮುಗಳು ಸತ್ತರೂ ಸರಿಯುವುದಿಲ್ಲ. ಕೊನೆಗೆ ಅವಳು ತುಂಬಿದ್ದು ನಲವತ್ತೆಂಟು ಗಂಡಸರಲ್ಲಿ ಮೂವತ್ತೊಂದು, ಐವತ್ತೆರಡು ಹೆಂಗಸರಲ್ಲಿ ಮೂವತ್ತೊಂದು. ಕೂಡಿದರೆ ಅರವತ್ತೆರಡು. ಆಟದ ಲೆಕ್ಕಕ್ಕೆ ಇಷ್ಟು ಒದ್ದಾಟ ಯಾಕೆ ಎಂದೆ. "ಇಲ್ಲದೋರಾದ್ರೂ ನಮ್ಮೂರೋರೇ ಅಲ್ವೇನೇ" ಎಂದು ಹಾಳೆ ಮಡಿಸಿದಳು.

ಚುನಾವಣೆಯ ಮಂಗಳವಾರ ಬೆಳಿಗ್ಗೆ ಏಳರಿಂದಲೇ ಮಳೆ ಮತ್ತು ಹಿಮ ಬೆರೆತು ಸುರಿಯಿತು. ಮತಗಟ್ಟೆ ಇದ್ದದ್ದು ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ, ನನ್ನ ಅಂಗಡಿಯ ಎದುರಿಗೇ. ಟೆಕ್ಲಾ ತಗಡಿನ ಮಾಡಿನ ಕೆಳಗೆ ಕ್ಲೆಮ್‌ನ ಬೇಟೆಯ ಕೋಟು ಹಾಕಿಕೊಂಡು ನಿಂತಿದ್ದಳು. ಹೆಬ್ಬೆರಳು ಒಂದೊಂದೇ ಬೆರಳ ಮೇಲೆ ಸರಿದು ಐದಕ್ಕೆ ಬಂದೊಡನೆ ಕಾಲು ಮುಂದಿಡುತ್ತಿದ್ದಳು. ಹತ್ತೂ ಇಪ್ಪತ್ತಕ್ಕೆ ನಾನೇ ಐದನೆಯವಳಾಗಿ ಹೊರಬಂದೆ. ಒಬ್ಬಳ ತಲೆಗೆ ಬಣ್ಣ ಹಚ್ಚಿ ಕೂರಿಸಿ ಓಡಿಬಂದಿದ್ದೆ, ಮೈಯೆಲ್ಲ ನೆನೆದಿತ್ತು. ಅವಳು ನನ್ನನ್ನು ಎಂದೂ ಕಾಣದವಳ ಹಾಗೆ, "ನಮಸ್ಕಾರ ಮೇಡಂ, ಒಂದು ಸಮೀಕ್ಷೆ ಇದೆ" ಎಂದು ಶುರು ಮಾಡಿದಳು. ಎಷ್ಟು ಕೋಪ ಬಂತೆಂದರೆ ಬೈದು ಮುಂದೆ ಹೋದೆ. ಅವಳು ನಗಲೂ ಇಲ್ಲ, ಪಟ್ಟಿಯಲ್ಲಿ ಏನೋ ಬರೆದುಕೊಂಡಳು. ಆ ದಿನ ಮೂರು ಸಲ ನನ್ನ ಅಂಗಡಿಗೇ ಬಂದು ಶಿಕಾಗೋಗೆ ಫೋನ್ ಮಾಡಿ ಲೆಕ್ಕ ಒಪ್ಪಿಸಿದಳು.

ಅವತ್ತು ಗವರ್ನರ್ ದೇಶಕ್ಕೆ ದೇಶವನ್ನೇ ಬಾಚಿಕೊಂಡರು. ಅಂಥ ಗೆಲುವನ್ನು ನಮ್ಮಪ್ಪನ ಕಾಲದಲ್ಲೂ ಕಂಡಿರಲಿಲ್ಲ ಎಂದು ಟೀವಿಯವರು ಕುಣಿದಾಡಿದರು. ಟೆಕ್ಲಾ ಕೇಳಿದ್ದು ನೂರಾ ಮೂರು ಮಂದಿಯನ್ನು. ಎಂಬತ್ತನಾಲ್ಕು ಮಂದಿ ತುಂಬಿಕೊಟ್ಟರು, ಹತ್ತೊಂಬತ್ತು ಮಂದಿ ಬೇಡ ಎಂದರು. ತುಂಬಿದವರಲ್ಲಿ ಐವತ್ತೆರಡು ಗವರ್ನರ್ ಕಡೆ. ನೂರಕ್ಕೆ ಲೆಕ್ಕ ಹಾಕಿದರೆ ಮತ್ತೆ ಅದೇ ಅರವತ್ತೆರಡು.

ಗುರುವಾರ ಫೋನ್ ಬಂತು. ಶುಕ್ರವಾರ ಬೆಳಿಗ್ಗೆ ಟೆಕ್ಲಾ ಎಂದಿನಂತೆ ಬಂದು ಕುರ್ಚಿಯಲ್ಲಿ ಕೂತಳು, ಆದರೆ ಕನ್ನಡಿ ನೋಡಲಿಲ್ಲ.

"ಏನಾಯ್ತೇ? ಕ್ಲೆಮ್‌ಗೆ ಹುಷಾರಿಲ್ವಾ?"

"ನನ್ನನ್ನ ಕಳ್ಳಿ ಅಂದ್ರು ಕಣೇ."

ಶಿಕಾಗೋದ ಕಚೇರಿಯಲ್ಲಿ ಯಾರೋ ತಾಲೀಮಿನ ಹಾಳೆಯನ್ನೂ ನಿಜದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಗಂಡಸರು, ಹೆಂಗಸರು, ಸಂಘದವರು, ಅರವತ್ತೈದು ದಾಟಿದವರು, ಎಲ್ಲ ಕಡೆ ಒಂದೆರಡು ಅಂಕಿಯಷ್ಟೇ ವ್ಯತ್ಯಾಸ. ಬೇರೆ ಯಾವ ಊರಿನದೂ ಹೀಗೆ ಹೊಂದಿರಲಿಲ್ಲ. ಹಾಗಾಗಿ ಅವರು ತೀರ್ಮಾನಿಸಿದ್ದು ಇಷ್ಟು: ಈ ಮುದುಕಿ ಮಳೆಯಲ್ಲಿ ಯಾರನ್ನೂ ತಡೆದಿಲ್ಲ, ಮಾಡಿನ ಕೆಳಗೆ ನಿಂತು ತಾನೇ ಗುರುತು ಹಾಕಿ, ತಾಲೀಮಿನ ಲೆಕ್ಕವನ್ನೇ ಸ್ವಲ್ಪ ತಿದ್ದಿ ಕಳಿಸಿದ್ದಾಳೆ. ಸಂಜೆ ಅವರ ಕಡೆಯ ಪ್ರೆಂಟಿಸ್ ಎಂಬಾತ ಬರುತ್ತಾನಂತೆ. ತಪ್ಪಾಯಿತೆಂದು ಸಹಿ ಹಾಕಿದರೆ ಸದ್ದಿಲ್ಲದೆ ಕೈಬಿಡುತ್ತಾರೆ. ಹಾಕದಿದ್ದರೆ ಡಾಲ್ಟನ್ ರಾಪಿಡ್ಸ್ ಲೆಕ್ಕ ಸುಳ್ಳು ಎಂದು ವರದಿಯಲ್ಲಿ ಬರೆದು ಅವಳ ಹೆಸರನ್ನೂ ಹಾಕುತ್ತಾರೆ.

ನನಗೆ ಮೈ ಉರಿದುಹೋಯಿತು. "ಸರಿಯಾಗಿ ಊಹೆ ಮಾಡಿದ್ದೂ ತಪ್ಪಾ? ತುಂಬಿಕೊಟ್ಟೋರು ಎಂಬತ್ನಾಲ್ಕು ಜನ ಇದ್ದಾರಲ್ಲ, ನಾಲ್ಕು ಜನರ ಹೆಸರು ಹೇಳಿ ಮುಖಕ್ಕೆ ಹೊಡಿ!"

"ಹೇಳಲ್ಲ. ಹಾಳೆ ಕೊಡೋವಾಗ, ನೀವು ತುಂಬಿದ್ದು ಯಾರಿಗೂ ಗೊತ್ತಾಗಲ್ಲ ಅಂತ ಮಾತು ಕೊಟ್ಟಿದ್ದೀನಿ. ನಾನು ಹೆಸರು ಹೇಳಿದ್ರೆ ನಾಳೆ ಅವರ ಮನೇಲಿ, ಯಾರಿಗೆ ಹಾಕ್ದೆ ಅಂತ ಶುರುವಾಗುತ್ತೆ."

"ಬೇಡ ಅಂದೋರು?"

"ಅವರದ್ದೂ ಹೇಳಲ್ಲ."

ಅವಳ ತಲೆಗೆ ಕೊನೆಯ ಪಿನ್ನು ಚುಚ್ಚುವಾಗ ನನಗೆ ಹೊಳೆಯಿತು. ತುಂಬಿದವರಿಗೆ ಗುಟ್ಟಿದೆ. ಬೇಡ ಎಂದವರಿಗೆ ಯಾವ ಗುಟ್ಟು? ಬೇಡ ಎಂದದ್ದನ್ನು ಊರಿಗೆಲ್ಲ ಸಾರಿದರೂ ವೋಟು ಯಾರಿಗೆ ಹೋಯಿತೆಂದು ಗೊತ್ತಾಗುವುದಿಲ್ಲ.

"ಆ ಮನುಷ್ಯನ್ನ ಮನೆಗೆ ಕರೀಬೇಡ. ಐದು ಗಂಟೆಗೆ ಠಾಣೆ ಹಾಲ್‌ಗೆ ಬರೋಕೆ ಹೇಳು" ಎಂದೆ.

"ಮೀನೂಟದ ಹೊತ್ತಲ್ಲೇ? ಊರೆಲ್ಲಾ ಇರುತ್ತೆ!"

"ಇರ್ಲಿ. ಮಾನ ಹೋಗೋದಾದ್ರೆ ಊರೆದುರು ಹೋಗ್ಲಿ, ಉಳಿಯೋದಾದ್ರೂ ಊರೆದುರೇ ಉಳೀಲಿ."

ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವುದು ಕ್ಯಾಥೊಲಿಕ್ಕರ ಪದ್ಧತಿ, ಆದರೆ ಠಾಣೆ ಹಾಲ್‌ನ ಮೀನೂಟಕ್ಕೆ ನಮ್ಮಲ್ಲಿ ಕ್ಯಾಥೊಲಿಕ್, ಲೂಥರನ್ ಎಂಬ ಭೇದವಿಲ್ಲ. ಹುರಿದ ಪರ್ಚ್ ಮೀನು, ರೈ ಬ್ರೆಡ್ಡು, ಎಲೆಕೋಸಿನ ಪಚಡಿ, ಬ್ರಾಂದಿ. ಒಳಗೆ ಅಡುಗೆಮನೆಯಲ್ಲಿ ಬಾಣಲೆಯ ಮುಂದೆ ಪ್ರತಿ ವಾರ ನಿಲ್ಲುವವನು ಕ್ಲೆಮ್. ಐದಕ್ಕೆ ಸರಿಯಾಗಿ ಪ್ರೆಂಟಿಸ್ ಬಂದ. ಮೂವತ್ತೈದರ ಹರೆಯ, ನೆನೆದ ಬೂಟು, ತೆಳ್ಳನೆಯ ಕೋಟು. ಕೆಟ್ಟವನೇನೂ ಅಲ್ಲ, ಮೆತ್ತಗೆ ಮಾತಾಡುತ್ತಿದ್ದ. ಮೂಲೆಯ ಮೇಜಿನಲ್ಲಿ ಟೆಕ್ಲಾಳ ಎದುರು ಕೂತು ಕಾಗದವನ್ನು ಮುಂದೆ ಸರಿಸಿ ಮೇಲೆ ಪೆನ್ನಿಟ್ಟ.

"ಇದರಲ್ಲಿ ನಾಚಿಕೆ ಏನಿಲ್ಲ ಅಮ್ಮ. ಅಂಥ ಹವಾ ಇತ್ತು. ಯಾರಾದ್ರೂ ಹಾಗೇ ಮಾಡ್ತಿದ್ರು."

"ನಾನು ಮಾಡಿಲ್ಲ" ಎಂದಳು ಟೆಕ್ಲಾ. ಪೆನ್ನು ಮುಟ್ಟಲಿಲ್ಲ.

ಬಾಯಿ ಮುಚ್ಚಿ ಕೂರುವುದು ನನ್ನ ಹುಟ್ಟುಗುಣವಲ್ಲ. ಎದ್ದು ಚಮಚದಿಂದ ಗ್ಲಾಸು ಬಾರಿಸಿದೆ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. "ತುಂಬಿಕೊಟ್ಟೋರು ಯಾರೂ ಬಾಯಿ ಬಿಡ್ಬೇಡಿ, ಅದು ನಿಮ್ಮ ಗುಟ್ಟು. ಮಂಗಳವಾರ ಟೆಕ್ಲಾಗೆ ಬೇಡ ಅಂದೋರು ಮಾತ್ರ ಎದ್ದು ನಿಲ್ರಿ. ನಾನೂ ಒಬ್ಳು."

ಕುರ್ಚಿಗಳು ಒಂದೊಂದಾಗಿ ಹಿಂದೆ ಸರಿದವು. ಆರು, ಒಂಬತ್ತು, ಹನ್ನೆರಡು. ಪ್ರೆಂಟಿಸ್ ಜಾಣ. "ಎದ್ದು ನಿಲ್ಲೋದು ಸುಲಭ. ಎಷ್ಟು ಹೊತ್ತಿಗೆ, ಏನಂದ್ರಿ, ಅದನ್ನ ಹೇಳಿ. ನನ್ನ ಹತ್ರ ಪಟ್ಟಿ ಇದೆ, ನೋಡ್ತೀನಿ" ಎಂದ.

ಅಗ್ನಿಶಾಮಕ ದಳದಿಂದ ನಿವೃತ್ತನಾದ ರೋಮನ್ ಜಬ್ಲೆವ್‌ಸ್ಕಿ ಮೊದಲು ಬಂದ. "ಎಂಟು ಗಂಟೆ ಹೊತ್ತಿಗೆ. 'ಪಾದ್ರಿಗೇ ಹೇಳಿಲ್ಲ, ನಿನಗೆ ಹೇಳ್ತೀನಾ?' ಅಂದೆ."

ಪ್ರೆಂಟಿಸ್‌ನ ಬೆರಳು ಪಟ್ಟಿಯಲ್ಲಿ ಇಳಿದು ನಿಂತಿತು. ಅವನು ಓದಿದ: "ಎಂಟೂ ಐದು. ಪಾದ್ರಿಗೇ ಹೇಳಿಲ್ಲ, ನಿನಗೆ ಹೇಳ್ತೀನಾ." ಹಾಲ್‌ನಲ್ಲಿ ಕಿಸಕ್ಕನೆ ನಗು ಹೊರಟಿತು. ಪಾದ್ರಿಯೂ ಅಲ್ಲೇ ಇದ್ದರು, ಬ್ರಾಂದಿಯ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟರು.

ಒಬ್ಬೊಬ್ಬರಾಗಿ ಬಂದರು. ಕಾರಿನಲ್ಲಿ ಮಗು ಅಳ್ತಿದೆ ಅಂದವಳು. ನಿಮ್ಮ ಕಂಪನಿ ಮುಳುಗಿಹೋಗ್ಲಿ ಅಂದವನು. ಹೆಂಡತಿ ಪಕ್ಕದಲ್ಲೇ ಇದ್ದಾಳೆ, ಆಮೇಲೆ ಬರ್ತೀನಿ ಎಂದು ಬಾರದವನು. ಅವನು ಅದನ್ನು ಹೇಳುವಾಗ ಹೆಂಡತಿ ಪಕ್ಕದಲ್ಲೇ ಇದ್ದಳು, ಪಾಪ. ಎಲ್ಲ ಮಾತೂ ಪಟ್ಟಿಯಲ್ಲಿ ಅಕ್ಷರ ತಪ್ಪದೆ ಇತ್ತು. ಊಟಕ್ಕೆ ಬಾರದವರಿಗೆ ಯಾರೋ ಫೋನ್ ಮಾಡಿ ಕರೆಸಿದರು. ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದವನು ಟೌ ಮುವಾ. ಅವನ ಮನೆಯವರು ಲಾವೋಸಿನ ಬೆಟ್ಟಗಳಿಂದ ಬಂದವರು, ಅವನಿಗೆ ಅದು ಜೀವನದ ಮೊದಲ ವೋಟು.

"ಸರ್ಕಾರದೋರು ಕೇಳ್ತಿದ್ದಾರೆ ಅಂದ್ಕೊಂಡು ಹೆದರ್ಕೊಂಡೇ 'ಹೇಳಲ್ಲ' ಅಂದೆ. ಈ ಅಮ್ಮ ಥ್ಯಾಂಕ್ಸ್ ಅಂದ್ರು. ಆಗದು ಅಂದೋನಿಗೆ ಥ್ಯಾಂಕ್ಸ್ ಅಂದೋರನ್ನ ನಾನು ಎಲ್ಲೂ ನೋಡಿಲ್ಲ ಸಾರ್. ಮನೆಗೆ ಹೋಗಿ ಅಪ್ಪನಿಗೆ ಹೇಳ್ದೆ. ಅಪ್ಪ ಎರಡೆರಡು ಸಲ ಕೇಳಿಸ್ಕೊಂಡ್ರು."

ಪ್ರೆಂಟಿಸ್ ಪಟ್ಟಿಯಲ್ಲಿ ಗುರುತು ಹಾಕಿದ.

ನನ್ನ ಸರದಿ ಬಂತು. "ಹತ್ತೂ ಇಪ್ಪತ್ತು. 'ಗಿರಾಕಿ ತಲೇಲಿ ಬಣ್ಣ ಒಣಗ್ತಿದೆ, ದಾರಿ ಬಿಡೇ ಕತ್ತೆ' ಅಂದೆ."

"ಇದೆ" ಎಂದ ಅವನು, ಆಮೇಲೆ ತನ್ನಷ್ಟಕ್ಕೆ ಓದಿಕೊಂಡ. "ಕತ್ತೆ ಅನ್ನೋದೂ ಇದೆ. ಹೆಣ್ಣು, ಬಿಳಿ, ಸುಮಾರು ಎಪ್ಪತ್ತು."

"ಎಷ್ಟು?"

ಅವನು ಪಟ್ಟಿಯನ್ನು ಎದೆಗೆ ಒತ್ತಿಕೊಂಡ. ನಾನು ಅದನ್ನು ಕಿತ್ತುಕೊಂಡು ನೋಡಿದೆ. ಎಪ್ಪತ್ತು! ದುಂಡಗೆ, ಅಚ್ಚುಕಟ್ಟಾಗಿ ಬರೆದಿದ್ದಳು. ಹಾಲ್‌ನಲ್ಲಿದ್ದವರೆಲ್ಲ ಮೇಜು ಬಡಿದು ನಗುತ್ತಿದ್ದರು.

"ಅಯ್ಯೋ ನಿನ್ನ ಮನೆ ಹಾಳಾಗ! ನಂಗೆ ಎಪ್ಪತ್ತಾ? ನನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ಕೇಕ್ ಮಾಡಿ ತಂದೋಳು ಯಾರೇ? ಮೇಣದಬತ್ತಿ ಎಣಿಸಿ ಚುಚ್ಚಿದೋಳು ಯಾರು?"

"ನಾನೇ ಕಣೇ" ಎಂದಳು ಟೆಕ್ಲಾ. "ಆದ್ರೆ ಗೊತ್ತಿರೋದನ್ನ ಬರೀಬಾರ್ದು, ಕಣ್ಣಿಗೆ ಕಂಡಿದ್ದನ್ನ ಬರೀಬೇಕು ಅಂತ ನಿಯಮ. ನೀನು ನೆನೆದಿದ್ದೆ, ಕಣ್ಣಿಗೆ ಹಚ್ಚಿದ್ದ ಬಣ್ಣ ಕೆನ್ನೆಗೆ ಇಳಿದಿತ್ತು, ಬೈತಾ ಬೇರೆ ಇದ್ದೆ. ಕಂಡಿದ್ದು ಎಪ್ಪತ್ತು."

ಬೈಯಲು ಬಾಯಿ ತೆರೆದವಳು ಅಲ್ಲೇ ನಿಂತೆ. ಏನು ಹೇಳಬೇಕೋ ಅದು ತಾನಾಗಿ ಬಾಯಿಗೆ ಬಂತು. ಪ್ರೆಂಟಿಸ್ ಕಡೆ ತಿರುಗಿದೆ. "ಕೇಳಿಸ್ತಾ ಸ್ವಾಮಿ? ನನ್ನ ವಯಸ್ಸು ಇವಳಿಗೆ ಬಾಯಿಪಾಠ. ಕೂತು ಕಟ್ಟಿ ಬರೆಯೋಳಾಗಿದ್ರೆ ಅರವತ್ತೆರಡು ಅಂತ ಸರಿಯಾಗೇ ಬರೀತಿದ್ಳು. ಇಷ್ಟು ಅನ್ಯಾಯವಾಗಿ ತಪ್ಪು ಬರ್ದಿದ್ದಾಳೆ ಅಂದ್ರೆ, ಇವಳು ನನ್ನನ್ನ ನೋಡ್ಕೊಂಡೇ ಬರ್ದಿದ್ದಾಳೆ!"

ಅವನು ಮೊದಲ ಸಲ ನಕ್ಕ. ಗುರುತುಗಳನ್ನು ಎಣಿಸಿದ. "ಹದಿನೆಂಟು. ಒಬ್ಬರು ಉಳಿದ್ರು. ಸಂಜೆ ಐದೂ ನಲವತ್ತು. ಗಂಡು, ಬಿಳಿ, ಸುಮಾರು ಎಪ್ಪತ್ತು. ಹೇಳಿದ್ದು, 'ಬೇಡ ಮೇಡಂ' ಅಂತ ಅಷ್ಟೇ. ಯಾರದು?"

ಯಾರೂ ಏಳಲಿಲ್ಲ. ಟೆಕ್ಲಾ ಮೇಜನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆದು, ಎಣ್ಣೆಯ ಕಲೆಯ ಏಪ್ರನ್ನು ಕಟ್ಟಿಕೊಂಡು, ಕೈಯಲ್ಲಿ ಜಾಲರಿ ಸೌಟು ಹಿಡಿದ ಕ್ಲೆಮ್ ಹೊರಬಂದ.

"ನಾನು" ಎಂದ.

"ನೀವು?"

"ಇವಳ ಗಂಡ."

ಪ್ರೆಂಟಿಸ್ ಅವನನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದ. ಐದನೆಯವನು ಸ್ವಂತ ಗಂಡನಾದರೂ ಟೆಕ್ಲಾ ಬಿಡುವವಳಲ್ಲ ಎಂದು ಅವನಿಗೇನು ಗೊತ್ತು! ಹದಿನಾರು ವರ್ಷದಲ್ಲಿ ಕ್ಲೆಮ್‌ಗೆ ಐದನೆಯವನಾಗಿ ಬರುವ ಸರದಿ ಬಂದದ್ದು ಅದೇ ಮೊದಲು. ಅವಳು ಅವನನ್ನು ತಡೆದು, "ನಮಸ್ಕಾರ ಸಾರ್" ಎಂದಳಂತೆ. ಅವನು ಟೋಪಿ ಎತ್ತಿ, "ಬೇಡ ಮೇಡಂ" ಎಂದು ಮನೆಗೆ ಹೋಗಿ ಇಬ್ಬರಿಗೂ ಸೂಪು ಬಿಸಿಮಾಡಿ ಇಟ್ಟನಂತೆ.

"ಅಮ್ಮ, ನಿಮ್ಮ ಗಂಡ ಯಾರಿಗೆ ವೋಟು ಹಾಕ್ತಾರೆ ಅಂತ ನಿಮಗೆ ಗೊತ್ತಿರಲ್ವಾ? ತುಂಬಿಬಿಡಬಹುದಿತ್ತಲ್ಲ?" ಎಂದು ಪ್ರೆಂಟಿಸ್ ಕೇಳಿದ. ಈ ಸಲ ದನಿಯಲ್ಲಿ ಸಂಶಯವಿರಲಿಲ್ಲ, ತಿಳಿಯುವ ಆಸೆಯಿತ್ತು.

ಟೆಕ್ಲಾ ಎದ್ದು ನಿಂತಳು. "ತಾಲೀಮಿನ ಹಾಳೇಲಿ ಇವರನ್ನ ಗವರ್ನರ್ ಕಡೆ ಹಾಕಿದ್ದೆ. ಅದು ನನ್ನ ಊಹೆ. ನಿಜದ ಹಾಳೇಲಿ ಬೇಡ ಅಂದೋರ ಪಟ್ಟೀಲಿ ಹಾಕ್ದೆ. ಅದು ಇವರ ಮಾತು. ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದ್ರಲ್ಲ, ವ್ಯತ್ಯಾಸ ಎಲ್ಲಿದೆ ಅಂತ ಹುಡುಕಿದ್ರಲ್ಲ. ಇಲ್ಲಿದೆ ನೋಡಿ ಸಾರ್, ಸೌಟು ಹಿಡ್ಕೊಂಡು ನಿಂತಿದೆ."

ಪ್ರೆಂಟಿಸ್ ಸಹಿಗಾಗಿ ತಂದಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಪಟ್ಟಿಯ ತಲೆಯ ಮೇಲೆ 'ಖುದ್ದಾಗಿ ಪರಿಶೀಲಿಸಿದೆ, ಹತ್ತೊಂಬತ್ತೂ ಸರಿ' ಎಂದು ಬರೆದು ತಾನೇ ಸಹಿ ಹಾಕಿ, ಅದನ್ನು ಟೆಕ್ಲಾಳ ಕಡೆ ತಿರುಗಿಸಿ ತೋರಿಸಿದ. ಅವಳು ಎರಡು ಸಲ ಓದಿದಳು. ಆಗ ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಹತ್ತೂವರೆಯ ಪೂಜೆಯವರು, ಏಳರವರು, ನಮ್ಮ ಲೂಥರನ್ ವಿಧವೆಯರು, ಮಂಗಳವಾರದ ಬೌಲಿಂಗಿನವರು, ಗುರುವಾರದವರು ಎಲ್ಲರೂ ಹೊಡೆದರು. ಆ ಎಂಬತ್ತನಾಲ್ಕು ಮಂದಿಯಲ್ಲಿ ಎಷ್ಟು ಜನ ಅಲ್ಲಿದ್ದರೋ, ಅವರ ಚಪ್ಪಾಳೆಯೇ ಜೋರಾಗಿತ್ತು ಎಂದು ನನ್ನ ಅಂದಾಜು. ನನಗೆ ಅಳು ಬಂತು, ಬಂದರೆ ಬರಲಿ ಎಂದು ಅತ್ತೆ. ನಮ್ಮೂರಿನ ಬಗ್ಗೆ ಅಷ್ಟು ಹೆಮ್ಮೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

"ಗವರ್ನರ್ ಕಡೇನಾ? ನನ್ನನ್ನಾ?" ಎಂದು ಕ್ಲೆಮ್ ಹೆಂಡತಿಯನ್ನು ಕೇಳಿದ.

"ಅಲ್ವಾ?"

ಅವನು ಒಳಗೆ ಹೋಗಿ ಎರಡು ತಟ್ಟೆ ಮೀನು ತಂದು, ಒಂದನ್ನು ಪ್ರೆಂಟಿಸ್ ಮುಂದೆ, ಇನ್ನೊಂದನ್ನು ಅವಳ ಮುಂದೆ ಇಟ್ಟ.

ಇದಾಗಿ ಎಂಟು ವರ್ಷ. ಟೆಕ್ಲಾ ಈಗಲೂ ಅದೇ ತಗಡಿನ ಮಾಡಿನ ಕೆಳಗೆ ಅದೇ ಕೋಟು ಹಾಕಿ ನಿಲ್ಲುತ್ತಾಳೆ. ಕಂಪನಿಯವರು ಹೊಸಬರಿಗೆ ಕೆಲಸ ಕಲಿಸಲು ಅವಳನ್ನು ಶಿಕಾಗೋಗೆ ಕರೆಸುತ್ತಾರೆ. ಆಡಿದ ಮಾತು ಬರೆಯುವ ಆ ಕೊನೆಯ ಕಾಲಮ್ಮಿಗೆ ಅವರೇ ಒಂದು ತಲೆಬರಹ ಅಚ್ಚು ಹಾಕಿಸಿದ್ದಾರೆ. ಕ್ಲೆಮ್‌ನ ವೋಟು ಯಾರಿಗೆ ಹೋಯಿತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ.

ಹೋದ ನವೆಂಬರಿನಲ್ಲಿ ಮತ್ತೆ ನಾನೇ ಐದನೆಯವಳಾದೆ. ಅವತ್ತು ಬಿಸಿಲಿತ್ತು, ಕೂದಲಿಗೆ ಹೊಸದಾಗಿ ಬಣ್ಣ ಹಚ್ಚಿಕೊಂಡಿದ್ದೆ, ತುಟಿಗೂ ಹಚ್ಚಿಕೊಂಡಿದ್ದೆ. "ನಮಸ್ಕಾರ ಮೇಡಂ" ಎಂದಳು. "ಬೇಡ ಹೋಗೇ" ಎಂದು ಅವಳ ಭುಜದ ಮೇಲಿಂದ ಬಗ್ಗಿ ಪಟ್ಟಿ ನೋಡಿದೆ. ಹೆಣ್ಣು, ಬಿಳಿ, ಸುಮಾರು ಎಪ್ಪತ್ತು.

ಬೈಯೋಣವೆಂದರೆ, ಹಿಂದಿನ ತಿಂಗಳಷ್ಟೇ ನನಗೆ ಎಪ್ಪತ್ತು ತುಂಬಿತ್ತು. ಕೇಕ್ ಮಾಡಿ ತಂದವಳೂ ಅವಳೇ.